ಮರುಭೂಮಿಯ ಪುಟ್ಟ ಕಳ್ಳಿ ಮತ್ತು ಅದರ ಹಣ್ಣು

ಈಚಿನ ವರ್ಷಗಳಲ್ಲಿ ಪೇಟೆಯ ಮನೆಗಳ ಕಿಟಕಿಗಳಲ್ಲಿ, ಜಗಲಿಯ ಕಟ್ಟೆಗಳ ಮೇಲೆ, ಅಂಗೈಯಗಲದ ಕುಂಡಗಳಲ್ಲಿ ಮುಳ್ಳುಮೈಯ ಪುಟ್ಟ ಕಳ್ಳಿಗಳು ಕಾಣಸಿಗುತ್ತಿವೆ. ಬಿಸಿಲು ಚೆನ್ನಾಗಿ ದೊರೆತರೆ ಅವುಗಳಲ್ಲಿ ಕೆಲವು ಹೂಬಿಟ್ಟು, ಹೂವು ಬಾಡಿದ ಮೇಲೆ ಕೆಂಪು ಹಣ್ಣನ್ನೂ ತಾಳುತ್ತವೆ. ಮನೆಯ ಮಗು ಅದನ್ನು ಕಿತ್ತು ಬಾಯಿಗಿಟ್ಟುಕೊಂಡರೆ ತಾಯಿಗೆ ಗಾಬರಿಯಾಗುವುದು ಸಹಜ. ಕಳ್ಳಿ ಎಂದರೆ ವಿಷವೆಂದೇ ನಮ್ಮ ಹಿರಿಯರು ಹೇಳಿಕೊಂಡು ಬಂದಿರುವರಷ್ಟೆ.

ಹಿರಿಯರ ಮಾತು ಸುಳ್ಳಲ್ಲ. ಆದರೆ ಅದು ಬೇರೊಂದು ಗಿಡವನ್ನು ಕುರಿತ ಮಾತು. ಕಳ್ಳಿಯೆಂಬ ಒಂದೇ ಹೆಸರಿನಿಂದ ನಾವು ಎರಡು ಬೇರೆ ಬೇರೆ ಕುಟುಂಬಗಳನ್ನು ಕರೆಯುತ್ತಿದ್ದೇವೆ. ಹೊಲದ ಬೇಲಿಯ ಎಲೆಗಳ್ಳಿ ಮೊದಲಾದವು ಯೂಫೋರ್ಬಿಯ ಕುಲಕ್ಕೆ ಸೇರಿದವು. ಅವುಗಳನ್ನು ಗೀರಿದರೆ ಒಸರುವ ಬಿಳಿಯ ಹಾಲು ಚರ್ಮವನ್ನು ಸುಡುತ್ತದೆ. ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ. ಹಾಗೇನಾದರೂ ಆದಲ್ಲಿ ಎಣ್ಣೆ, ಎದೆಹಾಲು, ಸೊಪ್ಪಿನ ರಸ ಎಂದು ಹೊತ್ತುಗಳೆಯದೆ, ಶುದ್ಧವಾದ ನೀರನ್ನು ಕಾಲು ಗಂಟೆಗೆ ಕಡಿಮೆಯಿಲ್ಲದಂತೆ ಕಣ್ಣಿಗೆ ಹರಿಯಿಸುತ್ತ ತೊಳೆದು, ಕೂಡಲೇ ನೇತ್ರವೈದ್ಯರನ್ನು ಕಾಣಬೇಕು. ಪಾಪಾಸುಕಳ್ಳಿಯ ಕುಟುಂಬ ಇದಲ್ಲ. ಆ ಕುಟುಂಬದಲ್ಲಿ ಮುಳ್ಳುಗಳು ನೇರವಾಗಿ ಕಾಂಡದಿಂದ ಹೊರಡದೆ, ಮೆತ್ತೆಯಂಥ ಸಣ್ಣ ಸಣ್ಣ ಗದ್ದುಗೆಗಳಿಂದ ಗೊಂಚಲಾಗಿ ಹೊರಡುತ್ತವೆ. ಗುರುತಿಗೆ ಇದೇ ನಂಬತಕ್ಕ ಲಕ್ಷಣ. ಹಾಲು ಒಸರದಿದ್ದರೆ ಸಾಕೆಂದು ಕೆಲವರು ಹೇಳುವುದುಂಟು. ಆದರೆ ಪುಟ್ಟ ಕಳ್ಳಿಗಳಲ್ಲಿಯೂ ಹಾಲಿರುವ ಕೆಲವು ಜಾತಿಗಳಿರುವುದರಿಂದ ಆ ಪರೀಕ್ಷೆ ಪೂರ್ಣವಾದುದಲ್ಲ.

ಈ ಎರಡನೆಯ ಕುಟುಂಬದ ತವರು ಅಮೆರಿಕ ಖಂಡಗಳು. ಒಂದೇ ಒಂದು ಜಾತಿಯ ಹೊರತು ಉಳಿದವೆಲ್ಲ ಅಲ್ಲಿಂದಲೇ ಮನುಷ್ಯನ ಕೈಯಿಂದ ಹೊರನಾಡುಗಳಿಗೆ ಬಂದವು. ಅವುಗಳಲ್ಲಿ ಗಾತ್ರದಲ್ಲಿ ಕಿರಿದಾಗಿದ್ದು ಹಣ್ಣಿನ ರುಚಿಯಲ್ಲಿ ಹಿರಿದೆನಿಸಿದ ಒಂದನ್ನು ಈ ಸಂಚಿಕೆಯಲ್ಲಿ ಪರಿಚಯಿಸಲು ಬಯಸಿದ್ದೇವೆ. ಶಾಸ್ತ್ರಜ್ಞರು ಅದನ್ನು ಎಕಿನೋಸೀರಿಯಸ್ ಸ್ಟ್ರಾಮಿನಿಯಸ್ ಎನ್ನುತ್ತಾರೆ. ಎಕಿನೋಸ್ ಎಂದರೆ ಗ್ರೀಕ್ ಭಾಷೆಯಲ್ಲಿ ಮೈತುಂಬ ಮುಳ್ಳಿರುವ ಒಂದು ಸಣ್ಣ ಪ್ರಾಣಿ. ಸ್ಟ್ರಾಮಿನಿಯಸ್ ಎಂದರೆ ಲ್ಯಾಟಿನ್ನಿನಲ್ಲಿ ಒಣಹುಲ್ಲಿನಂತಹುದು. ಗಿಡವನ್ನು ಕಂಡವರಿಗೆ ಈ ಹೆಸರು ಒಪ್ಪುತ್ತದೆ. ಗೇಣುದ್ದದ ಕಾಂಡಗಳು ಒಂದರ ಮಗ್ಗುಲಿಗೊಂದು ಹುಟ್ಟಿ, ಹಳೆಯ ಗಿಡವಾದರೆ ನೂರಾರು ಕಾಂಡಗಳ ಗುಪ್ಪೆಯಾಗಿ, ದೂರದಿಂದ ಬಂಡೆಯ ಮೇಲೊಂದು ಸಣ್ಣ ಹುಲ್ಲಿನ ಬಣವೆ ಒಟ್ಟಿದಂತೆ ತೋರುತ್ತದೆ.

ಎಕಿನೋಸೀರಿಯಸ್ ಎಂಬ ಕುಲದ ಹೆಸರು ಮೊದಲು ಅಚ್ಚಾದುದು 1848ರಲ್ಲಿ. ಅದರ ಹಿಂದಿನ ಕಥೆ ಸ್ವಾರಸ್ಯವಾಗಿದೆ. ಸೇಂಟ್ ಲೂಯಿಸ್ ನಗರದ ವೈದ್ಯ ಅಡಾಲ್ಫ್ ವಿಸ್ಲಿಜೆನಸ್ ಉತ್ತರ ಮೆಕ್ಸಿಕೋದಲ್ಲಿ ಸಂಚರಿಸುತ್ತಿದ್ದಾಗ ಅಮೆರಿಕ ಮತ್ತು ಮೆಕ್ಸಿಕೋ ದೇಶಗಳ ನಡುವೆ ಯುದ್ಧ ಹೊತ್ತಿಕೊಂಡು, ಚಿವಾವಾ ಪ್ರಾಂತದ ಒಂದು ಬೆಟ್ಟದೂರಿನಲ್ಲಿ ಬಂಧಿಯಾದರು. ಸುತ್ತಮುತ್ತ ಓಡಾಡಲು ಅವಕಾಶವಿದ್ದುದರಿಂದ ಬಂಧನದ ದಿನಗಳನ್ನು ಗಿಡಮೂಲಿಕೆಗಳ ಸಂಗ್ರಹದಲ್ಲಿ ಕಳೆದರು. ಅವರು ತಂದ ಗಿಡಗಳನ್ನು ಪರಿಶೀಲಿಸಿ ಹೆಸರಿಟ್ಟವರು ಅದೇ ನಗರದ ಇನ್ನೊಬ್ಬ ವೈದ್ಯ, ಜಾರ್ಜ್ ಎಂಗೆಲ್ಮನ್. ರೋಗಿಗಳನ್ನು ನೋಡಿ ಉಳಿದ ಹೊತ್ತಿನಲ್ಲಿ ಕಳ್ಳಿಗಳ ಶಾಸ್ತ್ರವನ್ನೇ ಕಟ್ಟಿದ ಪುರುಷರಿವರು. ನಾವು ಹೇಳುತ್ತಿರುವ ಹುಲ್ಲುಬಣ್ಣದ ಕಳ್ಳಿಯನ್ನು 1856ರಲ್ಲಿ ವರ್ಣಿಸಿದವರೂ ಇವರೇ.

ಈ ಗಿಡದ ನೆಲೆ ಚಿವಾವಾ ಮರುಭೂಮಿ. ಮೆಕ್ಸಿಕೋದ ಎರಡು ದೊಡ್ಡ ಪರ್ವತಸಾಲುಗಳ ನಡುವಣ ಪ್ರಸ್ಥಭೂಮಿಯಲ್ಲಿ ಹರಡಿ, ಅಮೆರಿಕದ ಟೆಕ್ಸಾಸ್ ಮತ್ತು ನ್ಯೂ ಮೆಕ್ಸಿಕೋ ರಾಜ್ಯಗಳವರೆಗೆ ಚಾಚಿರುವ ಈ ಸೀಮೆ ನಮ್ಮ ಕರ್ನಾಟಕದ ಎರಡು ಪಾಲಿಗಿಂತಲೂ ವಿಸ್ತಾರವಾದುದು. ಮರುಭೂಮಿಯೆಂದೊಡನೆ ಮರಳುದಿಬ್ಬಗಳನ್ನು ಊಹಿಸಬಾರದು. ಇಲ್ಲಿರುವುದು ಬಹುಪಾಲು ಸುಣ್ಣಕಲ್ಲಿನ ಗುಡ್ಡಗಳು, ಜಲ್ಲಿಯ ಇಳುಕಲುಗಳು, ಕುರುಚಲು ಪೊದೆಗಳು. ನಮ್ಮ ಬೇಲಿಯ ಕತ್ತಾಳೆಯ ಬಳಗದವು ಅಲ್ಲಿ ಗುಡ್ಡಗುಡ್ಡಗಳನ್ನೇ ಆವರಿಸಿಕೊಂಡಿವೆ. ವರ್ಷದ ಮಳೆ ಬಹಳೆಡೆ 200ರಿಂದ 300 ಮಿಲಿಮೀಟರ್. ಬರಸೀಮೆಯೆಂದು ನಾವು ಮರುಗುವ ಚಳ್ಳಕೆರೆಯ ಮಳೆಗಿಂತಲೂ ಅದು ಬಹಳ ಕಡಿಮೆ. ಆ ಮಳೆಯಲ್ಲಿ ಹೆಚ್ಚಿನ ಪಾಲು ಜುಲೈನಿಂದ ಸೆಪ್ಟೆಂಬರ್‌ವರೆಗೆ ಸುರಿಯುತ್ತದೆ. ನೆಲ ಎತ್ತರದಲ್ಲಿರುವುದರಿಂದ ಚಳಿಗಾಲದ ರಾತ್ರಿಗಳಲ್ಲಿ ನೀರು ಹೆಪ್ಪುಗಟ್ಟುತ್ತದೆ. ಬೇಸಗೆಯ ಹಗಲಿನಲ್ಲಿ ತಗ್ಗುಪ್ರದೇಶದ ಬಂಡೆ ಮುಟ್ಟಿದರೆ ಸುಡುತ್ತದೆ.

ಇಂಥಲ್ಲಿ ಬಾಳುವ ಗಿಡ ಉಸಿರಾಡುವ ಕ್ರಮವೇ ಬೇರೆ. ಸಾಮಾನ್ಯವಾದ ಗಿಡಗಳು ತಮ್ಮ ಸೂಕ್ಷ್ಮರಂಧ್ರಗಳನ್ನು ಹಗಲು ತೆರೆಯುತ್ತವೆ; ಗಾಳಿ ಒಳಗೆ ಬರುವಾಗ ನೀರು ಆವಿಯಾಗಿ ಹೊರಟುಹೋಗುತ್ತದೆ. ಕಳ್ಳಿ ಹಗಲಿಡೀ ಬಾಗಿಲಿಕ್ಕಿಕೊಂಡಿದ್ದು ರಾತ್ರಿಯ ತಂಪಿನಲ್ಲಿ ತೆರೆಯುತ್ತದೆ. ಆಗ ಒಳಗೆ ಸೆಳೆದ ಇಂಗಾಲದ ಡೈಆಕ್ಸೈಡನ್ನು ಹುಳಿಯ ರೂಪದಲ್ಲಿ ಕೂಡಿಟ್ಟುಕೊಂಡು, ಮರುದಿನದ ಬಿಸಿಲಿನಲ್ಲಿ ಅದರಿಂದ ಸಕ್ಕರೆಯನ್ನು ಮಾಡಿಕೊಳ್ಳುತ್ತದೆ. ಈ ರಹಸ್ಯದ ಮೊದಲ ಸುಳಿವುಗಳಲ್ಲೊಂದು ದೊರೆತುದು ನಮ್ಮ ದೇಶದಲ್ಲಿ, ಕಳ್ಳಿಯಿಂದಲ್ಲ, ಕಾಡುಬಸಳೆಯಿಂದ. ಮೈಸೂರು ಸೀಮೆಯ ಸರ್ವೇಕ್ಷಣೆಯಲ್ಲಿ ದುಡಿದು, ಬೆಂಗಳೂರಿನ ಲಾಲ್‌ಬಾಗಿನ ಉಸ್ತುವಾರಿಯನ್ನೂ ಕೆಲಕಾಲ ವಹಿಸಿಕೊಂಡಿದ್ದ ಬೆಂಜಮಿನ್ ಹೈನ್ ಎಂಬ ವೈದ್ಯರು, ಕಾಡುಬಸಳೆಯ ಎಲೆ ಬೆಳಗ್ಗೆ ಹುಳಿಯಾಗಿಯೂ ಮಧ್ಯಾಹ್ನದ ವೇಳೆಗೆ ಸಪ್ಪೆಯಾಗಿಯೂ ಇರುವುದನ್ನು ನಾಲಗೆಯಿಂದಲೇ ಕಂಡುಕೊಂಡು ಬರೆದ ಪತ್ರ 1815ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಎರಡೂ ಗಿಡಗಳ ಒಳಗುಟ್ಟು ಒಂದೇ ಎಂಬುದು ತಿಳಿದುದು ಬಹುಕಾಲದ ಅನಂತರ.

ಇನ್ನು ಹಣ್ಣಿನ ವಿಚಾರ. ವಸಂತದಲ್ಲಿ ಕಡುಗುಲಾಬಿಯ ದೊಡ್ಡ ಹೂಗಳು ಅರಳುತ್ತವೆ; ನಡುವಣ ಶಲಾಕೆಯ ತುದಿ ಮಾತ್ರ ಹಸಿರು. ಬೇಸಗೆ ಬಲಿಯುವ ಹೊತ್ತಿಗೆ ನೆಲ್ಲಿಕಾಯಿಗಿಂತ ತುಸು ದಪ್ಪದ ಕೆಂಪು ಹಣ್ಣಾಗುತ್ತದೆ. ಹಣ್ಣಿನ ಮೇಲೂ ಮುಳ್ಳಿದೆ. ಆದರೆ ಮಾಗಿದೊಡನೆ ಮುಳ್ಳಿನ ಗೊಂಚಲುಗಳು ತಾವಾಗಿ ಸಡಿಲವಾಗಿ, ಸವರಿದರೆ ಉದುರುತ್ತವೆ. ಒಳಗೆ ರಸಭರಿತವಾದ ತಿರುಳು, ಅದರ ತುಂಬ ಕಾಮಕಸ್ತೂರಿಯ ಬೀಜದಂತಹ ಕರಿಯ ಬೀಜಗಳು. ರುಚಿ ಸ್ಟ್ರಾಬೆರಿಯನ್ನು ಹೋಲುತ್ತದೆಯೆಂದು ತಿಂದವರೆಲ್ಲರೂ ಹೇಳುತ್ತಾರೆ. ಮೆಕ್ಸಿಕೋದ ಜನ ಇದನ್ನು ಪಿಟಾಯ ಎನ್ನುವರು. ನಮ್ಮ ರೈತರು ಈಗ ಬೆಳೆಯುತ್ತಿರುವ ಡ್ರ್ಯಾಗನ್ ಹಣ್ಣಿಗೂ ಇದೇ ಹೆಸರುಂಟು. ಅದು ಇದರ ದಾಯಾದಿ, ಆದರೆ ಮರವನ್ನೇರುವ ಕಾಡುಬಳ್ಳಿ.

ಪಾಪಾಸುಕಳ್ಳಿಯ ಹಣ್ಣು ಇಷ್ಟು ಸೌಮ್ಯವಲ್ಲ. ಅದರ ಮೈಮೇಲಿನ ಕೂದಲಿನಂಥ ಮುಳ್ಳುಗಳು ತಾವಾಗಿ ಉದುರುವುದಿಲ್ಲ. ನಾಲಗೆಗೆ, ಗಂಟಲಿಗೆ ನಾಟಿದರೆ ಕೀಳುವುದು ಕಷ್ಟ. ದನ ಕಾಯುವ ಹುಡುಗರು ಅದನ್ನು ಒರಟು ನೆಲದ ಮೇಲೆ ಚೆನ್ನಾಗಿ ಹೊರಳಿಸಿ, ಉಜ್ಜಿ, ಸಿಪ್ಪೆ ಸುಲಿದು ತಿನ್ನುತ್ತಿದ್ದುದು ಅನುಭವದ ಜಾಣ್ಮೆ. ಅದರ ಗಟ್ಟಿಬೀಜಗಳನ್ನು ಅತಿಯಾಗಿ ನುಂಗಿದರೆ ಮಲಬದ್ಧವಾಗುತ್ತದೆ. ಮಕ್ಕಳಲ್ಲಿ ಕೆಲವೊಮ್ಮೆ ಕರುಳು ಕಟ್ಟಿಕೊಳ್ಳುವಷ್ಟು ತೀವ್ರವಾದುದೂ ಉಂಟು. ಒಂದೆರಡು ಹಣ್ಣಿಗೆ ನಿಲ್ಲಿಸುವುದು ಒಳ್ಳೆಯದು.

ಕಳ್ಳಿಹಣ್ಣುಗಳ ಕೆಂಪು, ಬೀಟ್‌ರೂಟಿನ ಕೆಂಪಿನ ಜಾತಿಯದು. ಕೆಂಪು ದಂಟಿನ ಸೊಪ್ಪಿನಲ್ಲಿರುವುದೂ ಅದೇ ವರ್ಗದ ಬಣ್ಣ. ತಿಂದ ಮರುದಿನ ಕೆಲವರ ಮೂತ್ರ ಕೆಂಪಾಗಿ ಕಾಣಬಹುದು. ರಕ್ತವೆಂದು ಹೆದರಬೇಕಾಗಿಲ್ಲ, ಆದರೆ ಎರಡು ದಿನಗಳ ಅನಂತರವೂ ಹಾಗೆಯೇ ಇದ್ದರೆ, ಅಥವಾ ನೋವಿದ್ದರೆ, ಹಣ್ಣಿನ ಮೇಲೆ ಹೊರಿಸದೆ ವೈದ್ಯರಿಗೆ ತೋರಿಸಬೇಕು. ಸಕ್ಕರೆಕಾಯಿಲೆಗೆ ಕಳ್ಳಿಯೇ ಮದ್ದೆಂಬ ಪ್ರಚಾರವನ್ನು ನಂಬಿ ಮಾತ್ರೆ ಬಿಡುವವರನ್ನು ಕಂಡು ನಮಗೆ ವ್ಯಥೆಯಾಗಿದೆ. ಹಣ್ಣು ಹಣ್ಣೇ; ಅದರಲ್ಲಿ ಸಕ್ಕರೆಯಿದೆ. ಮರುಭೂಮಿಯಲ್ಲಿ ಬಾಯಾರಿದವನು ಕಳ್ಳಿಯ ಕಾಂಡವನ್ನು ಸೀಳಿ ನೀರು ಕುಡಿಯುವ ಚಿತ್ರವೂ ಅಷ್ಟೇ. ಅನೇಕ ಕಳ್ಳಿಗಳ ರಸ ವಾಂತಿಭೇದಿ ತರಿಸಿ ದೇಹದಲ್ಲಿರುವ ನೀರನ್ನೂ ಕಳೆಯುತ್ತದೆ. ಅದೇ ಚಿವಾವಾ ಸೀಮೆಯಲ್ಲಿ ಪೆಯೋಟಿ ಎಂಬ ಮುಳ್ಳಿಲ್ಲದ ಪುಟ್ಟ ಕಳ್ಳಿಯೂ ಇದ್ದು, ಅದು ಬುದ್ಧಿಭ್ರಮಣೆ ಉಂಟುಮಾಡುವ ದ್ರವ್ಯವನ್ನು ಹೊತ್ತಿದೆ.

ಹಾಗಾದರೆ ಕುಂಡದ ಹಣ್ಣನ್ನು ತಿಂದ ಮಗುವಿನ ಗತಿಯೇನು? ಅದು ನಿಜವಾದ ಕಳ್ಳಿಯ ಮಾಗಿದ ಹಣ್ಣಾಗಿದ್ದರೆ ಬಹುಮಟ್ಟಿಗೆ ಭಯವಿಲ್ಲ. ಬಾಯಿ ತೊಳೆಸಿ, ಮುಳ್ಳು ಚುಚ್ಚಿದೆಯೇ ಎಂದು ನೋಡಿದರೆ ಸಾಕು. ಆದರೂ ನರ್ಸರಿಯಲ್ಲಿ ಅಲಂಕಾರಕ್ಕೆಂದು ಬೆಳೆಸಿದ ಗಿಡಕ್ಕೆ ಕೀಟನಾಶಕ ಹಾಕಿರುವ ಸಂಭವವಿರುವುದರಿಂದ ಅಂಥ ಹಣ್ಣನ್ನು ತಿನ್ನಲು ಬಿಡಬಾರದು. ಗಿಡ ಯಾವುದೆಂದೇ ತಿಳಿಯದಿದ್ದರೆ, ಅಥವಾ ಮಗುವಿಗೆ ವಾಂತಿ, ಬಾಯುರಿ, ಮಂಪರು ಕಂಡುಬಂದರೆ, ಗಿಡದ ಒಂದು ತುಂಡಿನೊಡನೆ ಆಸ್ಪತ್ರೆಗೆ ಹೋಗಬೇಕು.

ಗಿಡ ಕೊಳ್ಳುವಾಗ ಬೀಜದಿಂದ ಬೆಳೆಸಿದುದೇ ಎಂದು ಕೇಳುವುದು ಉಚಿತ. 2015ರಲ್ಲಿ ಪ್ರಕಟವಾದ ಜಾಗತಿಕ ಸಮೀಕ್ಷೆಯಂತೆ ಕಳ್ಳಿಗಳ ಕುಟುಂಬದಲ್ಲಿ ನೂರಕ್ಕೆ 31 ಜಾತಿಗಳು ಅಳಿವಿನ ಭೀತಿಯಲ್ಲಿವೆ. ಅದಕ್ಕೆ ಕಾರಣಗಳಲ್ಲಿ ಕಾಡಿನಿಂದ ಗಿಡಗಳನ್ನು ಕಿತ್ತು ಮಾರುವುದೂ ಒಂದು. ಹತ್ತಾರು ವರ್ಷ ಬಂಡೆಯ ಸಂದಿನಲ್ಲಿ ಬೆಳೆದ ಗುಪ್ಪೆ ನಮ್ಮ ಕಿಟಕಿಯಲ್ಲಿ ಒಂದು ಮಳೆಗಾಲವನ್ನೂ ದಾಟುವುದಿಲ್ಲ. ಅದು ಸಾಯುವುದು ಬಾಯಾರಿಕೆಯಿಂದಲ್ಲ, ನಮ್ಮ ಅಕ್ಕರೆಯ ನೀರಿನಿಂದ. ಮಣ್ಣಿಗೆ ಅರ್ಧಕ್ಕರ್ಧ ದಪ್ಪಮರಳನ್ನೂ ಸಣ್ಣ ಜಲ್ಲಿಯನ್ನೂ ಬೆರೆಸಿ, ಕುಂಡದ ತಳದ ರಂಧ್ರ ಮುಚ್ಚದಂತೆ ನೋಡಿಕೊಂಡು, ಮಣ್ಣು ಪೂರ್ತಿ ಒಣಗಿದ ಮೇಲಷ್ಟೇ ನೀರೆರೆಯಬೇಕು. ಜಡಿಮಳೆಯ ದಿನಗಳಲ್ಲಿ ಸೂರಿನಡಿ ಬೆಳಕಿರುವೆಡೆ ಇರಿಸಿ, ಚಳಿಗಾಲದ ಎರಡು ತಿಂಗಳು ನೀರನ್ನು ಬಹುತೇಕ ನಿಲ್ಲಿಸಿದರೆ, ಯುಗಾದಿಯ ಆಚೀಚೆಗೆ ಮೊಗ್ಗು ಕಾಣಬಹುದು.