ಎಂಟನೆಯ ಬಿಟ್ಟಿನಲ್ಲಿ ಕನ್ನಡ

ಗದಗ ಜಿಲ್ಲೆಯ ರೋಣ ತಾಲ್ಲೂಕಿನಲ್ಲಿ ಅಸೂಟಿ ಎಂಬ ಊರಿದೆ. ಆ ಹೆಸರನ್ನು ಗಣಕದಿಂದ ಒಂದು ಹಳೆಯ ಅಕ್ಷರ-ಟರ್ಮಿನಲ್ಲಿಗೆ ತಂತಿಯ ಮೂಲಕ ಕಳಿಸುತ್ತೇವೆ ಎಂದುಕೊಳ್ಳಿ. ಗಣಕದಲ್ಲಿ ಹೆಸರು ಸರಿಯಾಗಿಯೇ ಇದೆ, ಕೇಬಲ್ಲಿನಲ್ಲಿ ದೋಷವಿಲ್ಲ. ಆದರೂ ಪರದೆಯ ಮೇಲೆ ಡಾಲರ್ ಚಿಹ್ನೆ, ಇಂಗ್ಲಿಷಿನ ಡಬ್ಲ್ಯು, ಟೋಪಿಯಂಥ ಒಂದು ಗುರುತು, ಸಮ ಚಿಹ್ನೆ, ತೆರೆದ ಚೌಕ ಆವರಣ, ಹೀಗೆ ಐದು ಗುರುತುಗಳು ಸಾಲಾಗಿ ಮೂಡಬಹುದು. ಸಂವಹನದ ಸೆಟ್ಟಿಂಗಿನಲ್ಲಿ 8 ಇರಬೇಕಾದ ಕಡೆ 7 ಇದ್ದರೆ ಸಾಕು, ಊರಿನ ಹೆಸರು ಹೀಗೆ ಮಾಯವಾಗುತ್ತದೆ.

ಟರ್ಮಿನಲ್ಲಿಗೆ ಸ್ವಂತ ಲೆಕ್ಕಾಚಾರದ ಕೆಲಸ ಕಡಿಮೆ. ಕೀಲಿಮಣೆಯಲ್ಲಿ ಒತ್ತಿದ್ದನ್ನು ಗಣಕಕ್ಕೆ ಕಳಿಸುವುದು, ಗಣಕ ಕಳಿಸಿದ್ದನ್ನು ಪರದೆಗೆ ತರುವುದು ಅದರ ಕೆಲಸ. 1978ರಲ್ಲಿ ಬಂದ ವಿಟಿ100 ಟರ್ಮಿನಲ್ಲಿನ ಪರದೆಯಲ್ಲಿ 24 ಸಾಲು, ಸಾಲಿಗೆ 80 ಅಕ್ಷರ. ಮುಂದಿನ ಎಷ್ಟೋ ಯಂತ್ರಗಳು ಇದನ್ನೇ ಮಾದರಿಯಾಗಿ ಇಟ್ಟುಕೊಂಡವು. ಅಕ್ಷರಗಳು ಸೀರಿಯಲ್ ತಂತಿಯಲ್ಲಿ ಒಂದರ ಹಿಂದೊಂದು ಬಿಟ್ಟಾಗಿ, ಅಂದರೆ 0 ಮತ್ತು 1ರ ಸಾಲಾಗಿ, ಬರುತ್ತವೆ.

ಮೊದಲೇ ಆಗಬೇಕಾದ ಒಪ್ಪಂದ

ತಂತಿಯಲ್ಲಿ ಹರಿಯುವುದು ವೋಲ್ಟೇಜಿನ ಏರಿಳಿತ ಮಾತ್ರ. ಒಂದು ಬಿಟ್ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತು ಎಂದು ಹೇಳುವ ಬೇರೆ ಸೂಚನೆ ಅದರಲ್ಲಿಲ್ಲ. ಆದ್ದರಿಂದ ಎರಡೂ ತುದಿಗಳು ವೇಗವನ್ನು ಮೊದಲೇ ಒಪ್ಪಿಕೊಂಡಿರಬೇಕು. ಇದೇ ಬಾಡ್ ದರ. ಫ್ರಾನ್ಸಿನ ಟೆಲಿಗ್ರಾಫ್ ತಜ್ಞ ಎಮಿಲ್ ಬೋಡೊ ಹೆಸರಿನಿಂದ ಬಂದ ಮಾತಿದು. 1874ರಲ್ಲಿ ಪೇಟೆಂಟ್ ಪಡೆದ ಅವರ ಪದ್ಧತಿಯಲ್ಲಿ ಅಕ್ಷರಕ್ಕೆ ಐದೇ ಬಿಟ್.

ವೇಗ 9600 ಎಂದಿಟ್ಟರೆ ಒಂದು ಬಿಟ್ಟಿನ ಆಯುಸ್ಸು ಸುಮಾರು 104 ಮೈಕ್ರೋಸೆಕೆಂಡ್. ಸುಮ್ಮನಿದ್ದ ತಂತಿಯಲ್ಲಿ ಮೊದಲು ಸ್ಟಾರ್ಟ್ ಬಿಟ್ ಬರುತ್ತದೆ. ಅದನ್ನು ಕಂಡ ಕೂಡಲೇ ಟರ್ಮಿನಲ್ ತನ್ನ ಗಡಿಯಾರ ಹಿಡಿದು, ಮುಂದಿನ ಪ್ರತಿ ಬಿಟ್ಟಿನ ನಡುಮಧ್ಯದಲ್ಲಿ ತಂತಿಯನ್ನು ಓದುತ್ತದೆ. ಕೊನೆಗೆ ಸ್ಟಾಪ್ ಬಿಟ್. ಎಂಟು ಬಿಟ್ಟಿನ ಒಂದು ಸಂಕೇತಕ್ಕೆ ಹೀಗೆ ಒಟ್ಟು ಹತ್ತು ಬಿಟ್ ಖರ್ಚು. ಸೆಕೆಂಡಿಗೆ 960 ಸಂಕೇತ ಬಂದರೆ ಇಂಗ್ಲಿಷಿನ 1920 ಅಕ್ಷರಗಳ ಇಡೀ ಪರದೆ ಎರಡೇ ಸೆಕೆಂಡಿನಲ್ಲಿ ತುಂಬುತ್ತದೆ. 300ರ ವೇಗದಲ್ಲಿ ಅದೇ ಕೆಲಸಕ್ಕೆ 64 ಸೆಕೆಂಡ್ ಬೇಕು.

ಎಂಟನೆಯ ಜಾಗ ಯಾರದು?

1963ರಲ್ಲಿ ಅಮೆರಿಕದಲ್ಲಿ ರೂಪುಗೊಂಡ ಆಸ್ಕಿ ಸಂಕೇತದಲ್ಲಿ ಅಕ್ಷರಕ್ಕೆ ಏಳು ಬಿಟ್, ಒಟ್ಟು 128 ಸಂಕೇತ. ಇಂಗ್ಲಿಷಿನ ಅಕ್ಷರ, ಅಂಕಿ, ಚಿಹ್ನೆಗಳಿಗೆ ಅಷ್ಟು ಸಾಕಾಯಿತು. ಎಂಟನೆಯ ಜಾಗವನ್ನು ಹಲವು ಕಡೆ ತಪ್ಪು ಹಿಡಿಯುವ ಕಾವಲಿಗೆ ಬಿಟ್ಟರು. ಇದಕ್ಕೆ ಪ್ಯಾರಿಟಿ ಎಂದು ಹೆಸರು. ಸಮ ಪ್ಯಾರಿಟಿ ಎಂದರೆ, ಕಳಿಸುವ ಬಿಟ್ಟುಗಳಲ್ಲಿ 1ರ ಸಂಖ್ಯೆ ಯಾವಾಗಲೂ ಸಮವಾಗಿರುವಂತೆ ಕೊನೆಗೊಂದು ಬಿಟ್ ಸೇರಿಸುವುದು. ದಾರಿಯಲ್ಲಿ ಒಂದು ಬಿಟ್ ತಿರುಗಿದರೆ ಸಂಖ್ಯೆ ಬೆಸವಾಗಿ ತಪ್ಪು ಸಿಕ್ಕಿಬೀಳುತ್ತದೆ. ಎರಡು ಒಟ್ಟಿಗೆ ತಿರುಗಿದರೆ ಗೊತ್ತೇ ಆಗುವುದಿಲ್ಲ.

ಭಾರತದ ಭಾಷೆಗಳು ಗಣಕಕ್ಕೆ ಬಂದದ್ದು ಈ ಎಂಟನೆಯ ಬಿಟ್ಟಿನ ಬಾಗಿಲಿನಿಂದ. ಐಐಟಿ ಕಾನ್ಪುರದಲ್ಲಿ ಹುಟ್ಟಿ ಪುಣೆಯ ಸಿ-ಡಾಕ್ ಸಂಸ್ಥೆಯಲ್ಲಿ ಬೆಳೆದ ಜಿಸ್ಟ್ ತಂತ್ರಜ್ಞಾನ ಟರ್ಮಿನಲ್ಲಿನ ಪರದೆಗೆ ಭಾರತೀಯ ಲಿಪಿಗಳನ್ನು ತಂದಿತು. ಅದಕ್ಕೆ ಆಧಾರವಾದ ಇಸ್ಕಿ ಸಂಕೇತ 1991ರಲ್ಲಿ ಭಾರತೀಯ ಮಾನಕವಾಯಿತು. ಇಸ್ಕಿಯಲ್ಲಿ ಮೊದಲ 128 ಸಂಕೇತ ಇಂಗ್ಲಿಷಿಗೆ, ಮೇಲಿನ ಅರ್ಧ ನಮ್ಮ ಭಾಷೆಗಳಿಗೆ. ಕನ್ನಡ, ತೆಲುಗು, ದೇವನಾಗರಿ ಯಾವುದೇ ಇರಲಿ, ಒಂದೇ ಧ್ವನಿಗೆ ಒಂದೇ ಸಂಖ್ಯೆ. ಲಿಪಿ ಬದಲಿಸಿದರೆ ಅದೇ ಸಂಖ್ಯೆಗಳು ಇನ್ನೊಂದು ಲಿಪಿಯಲ್ಲಿ ಕಾಣುತ್ತವೆ. ಬಹುಭಾಷೆಯ ನಾಡಿಗೆ ತಕ್ಕ ಜಾಣ ಯೋಜನೆ ಅದು.

ಈಗ ಅಸೂಟಿಯ ಲೆಕ್ಕ ನೋಡಿ. ಇಸ್ಕಿಯಲ್ಲಿ ‘ಅ’ 164, ‘ಸ’ 215, ದೀರ್ಘ ಕೊಂಬು 222, ‘ಟ’ 189, ಗುಡಿಸು 219. ಐದೂ 128ಕ್ಕಿಂತ ಹೆಚ್ಚು. ಏಳೇ ಬಿಟ್ ದಾಟಲು ಬಿಡುವ ತಂತಿಯಲ್ಲಿ ಎಂಟನೆಯದು ಕಳಚಿ, ಪ್ರತಿಯೊಂದರಿಂದ 128 ಕಡಿಮೆಯಾಗುತ್ತದೆ. ಉಳಿಯುವುದು 36, 87, 94, 61, 91. ಆಸ್ಕಿಯಲ್ಲಿ ಇವೇ ಆ ಡಾಲರ್, ಡಬ್ಲ್ಯು, ಟೋಪಿ, ಸಮ ಚಿಹ್ನೆ ಮತ್ತು ಆವರಣ.

ಪರದೆಯೇ ಹೇಳುವ ಕಾಯಿಲೆ

ಸೆಟ್ಟಿಂಗ್ ತಪ್ಪಿದಾಗ ಮೂಡುವ ಗೊಂದಲವನ್ನು ಗಮನಿಸಿದರೆ ಕಾರಣ ಅಲ್ಲೇ ಸಿಗುತ್ತದೆ. ಎಲ್ಲವೂ ಅರ್ಥವಿಲ್ಲದ ಗುರುತುಗಳಾದರೆ ಮೊದಲು ವೇಗ ನೋಡಬೇಕು. ಇಂಗ್ಲಿಷಿನಲ್ಲೇ ಕೆಲವು ಅಕ್ಷರ ಸರಿ, ಕೆಲವು ವಿಚಿತ್ರವಾದರೆ ಎರಡು ತುದಿಗಳ ಪ್ಯಾರಿಟಿ ಹೊಂದಿಲ್ಲ. ಇಂಗ್ಲಿಷ್ ಪೂರ್ತಿ ಸರಿಯಿದ್ದು ಕನ್ನಡ ಮಾತ್ರ ಕೆಟ್ಟರೆ ಡೇಟಾ ಬಿಟ್, ಅಂದರೆ ಒಂದು ಸಂಕೇತದ ಬಿಟ್ಟುಗಳ ಸಂಖ್ಯೆ, 7 ಆಗಿರುವ ಸಂಭವ ಹೆಚ್ಚು. ಉದ್ದದ ಪಟ್ಟಿಯಲ್ಲಿ ಸಾಲುಗಳು ನಡುವೆ ತಪ್ಪಿಹೋದರೆ ಹರಿವಿನ ನಿಯಂತ್ರಣ ನೋಡಬೇಕು. ಟರ್ಮಿನಲ್ ತುಂಬಿದಾಗ ‘ನಿಲ್ಲು’ ಎಂದು 19ನೆಯ ಸಂಕೇತವನ್ನೂ, ಮತ್ತೆ ‘ಕಳಿಸು’ ಎಂದು 17ನೆಯದನ್ನೂ ಕಳಿಸುತ್ತದೆ. ಕಂಟ್ರೋಲ್ ಜೊತೆ ಎಸ್ ಒತ್ತಿದಾಗ ಪರದೆ ಸ್ತಬ್ಧವಾಗುವುದೂ, ಕ್ಯೂ ಒತ್ತಿದರೆ ಮತ್ತೆ ಓಡುವುದೂ ಇದರಿಂದಲೇ.

ಹಳೆಯ ಟರ್ಮಿನಲ್ಲುಗಳು ಮೂಲೆ ಸೇರಿದರೂ ಈ ವಿದ್ಯೆ ಇನ್ನೂ ಬೇಕು. ನೆಟ್‌ವರ್ಕ್ ರೂಟರ್, ಎಲೆಕ್ಟ್ರಾನಿಕ್ ತೂಕದ ಯಂತ್ರ, ಶಾಲಾ ಮಕ್ಕಳು ಜೋಡಿಸುವ ಆರ್ಡುಯಿನೊ ಫಲಕ ಎಲ್ಲದರಲ್ಲೂ ಸೀರಿಯಲ್ ಸಂವಹನ ಬಳಕೆಯಲ್ಲಿದೆ. ಪುಟ್ಟಿ ಎಂಬ ಉಚಿತ ತಂತ್ರಾಂಶದ ಸೀರಿಯಲ್ ವಿಭಾಗ ತೆರೆದರೆ ವೇಗ, ಡೇಟಾ ಬಿಟ್, ಸ್ಟಾಪ್ ಬಿಟ್, ಪ್ಯಾರಿಟಿ, ಹರಿವು ಎಂಬ ಐದು ಆಯ್ಕೆಗಳೇ ಎದುರಾಗುತ್ತವೆ.

ಇಂದು ಕನ್ನಡ ಯೂನಿಕೋಡಿನಲ್ಲಿದೆ. ಅದರ ಯುಟಿಎಫ್-8 ರೂಪದಲ್ಲಿ ‘ಅ’ ಒಂದಕ್ಕೇ ಮೂರು ಬೈಟ್ ಬೇಕು: 224, 178, 133. ಅಸೂಟಿಗೆ ಹದಿನೈದು. ಅವುಗಳಲ್ಲಿ ಪ್ರತಿಯೊಂದರ ಎಂಟನೆಯ ಬಿಟ್ಟೂ 1. ಒಂದು ಬಿಟ್ ಕಳಚಿದರೆ ಕನ್ನಡ ಉಳಿಯುವುದಿಲ್ಲ ಎಂಬ ಮಾತು ಇಸ್ಕಿಯ ಕಾಲದಲ್ಲಿ ಹೇಗೋ ಈಗಲೂ ಹಾಗೆಯೇ.

ಆದ್ದರಿಂದ ಹೊಸ ಉಪಕರಣ ಜೋಡಿಸುವವರು ಎರಡೂ ತುದಿಯಲ್ಲಿ 8 ಡೇಟಾ ಬಿಟ್ ಇಟ್ಟು, ಪರೀಕ್ಷೆಗಾಗಿ ಮೊದಲು ಒಂದು ಕನ್ನಡ ಸಾಲನ್ನೇ ಕಳಿಸಬೇಕು. ಏಳು ಬಿಟ್ಟಿನ ತಂತಿಯಲ್ಲೂ ಇಂಗ್ಲಿಷ್ ಸಲೀಸಾಗಿ ದಾಟುತ್ತದೆ. ಇಂಗ್ಲಿಷಿನಲ್ಲಿ ಮಾಡಿದ ಪರೀಕ್ಷೆಗೆ ಈ ದೋಷ ಎಂದೂ ಕಾಣುವುದಿಲ್ಲ. ನಮ್ಮ ಕಚೇರಿ, ಶಾಲೆ, ಸಹಕಾರ ಸಂಘಗಳ ಯಂತ್ರಗಳು ಕನ್ನಡದಲ್ಲಿ ವ್ಯವಹರಿಸಬೇಕಾದರೆ, ಅವುಗಳ ಪರೀಕ್ಷೆಯೂ ಕನ್ನಡದಲ್ಲೇ ನಡೆಯಬೇಕು.