ಬಾಡಿಗೆ ಹೊರಲಾರದ ಭಾರಕ್ಕೆ ನಗರದ ಹೆಗಲು

2023ರ ನವೆಂಬರ್‌ನಲ್ಲಿ ಅಮೆರಿಕದ ಸಿಯಾಟಲ್ ನಗರದ ಮತದಾರರ ಮುಂದೆ ಒಂದು ನೇರ ಪ್ರಶ್ನೆ ಬಂತು. ಕಡಿಮೆ ಆದಾಯದವರಿಗೆ ಮನೆ ಕಟ್ಟಿಸಲು ಮುಂದಿನ ಏಳು ವರ್ಷ ವಿಶೇಷ ಆಸ್ತಿ ತೆರಿಗೆ ಕೊಡುತ್ತೀರಾ? ಕೇಳಿದ್ದು ಸಣ್ಣ ಮೊತ್ತವಲ್ಲ, 97 ಕೋಟಿ ಡಾಲರ್. 2016ರಲ್ಲಿ ಇದೇ ಕೆಲಸಕ್ಕೆ ಒಪ್ಪಿಗೆಯಾಗಿದ್ದು 29 ಕೋಟಿ. ಸಾಧಾರಣ ಬೆಲೆಯ ಮನೆಯ ಮಾಲೀಕರಿಗೆ ವರ್ಷಕ್ಕೆ ಸುಮಾರು 380 ಡಾಲರ್ ಹೊರೆ ಬೀಳುತ್ತಿತ್ತು. ಆದರೂ ಮೂವರಲ್ಲಿ ಇಬ್ಬರಿಗಿಂತ ಹೆಚ್ಚು ಮಂದಿ ಒಪ್ಪಿದರು.

ಇದು ಒಮ್ಮಿಂದೊಮ್ಮೆ ಉಕ್ಕಿದ ಔದಾರ್ಯವಲ್ಲ. 1981ರಲ್ಲಿ ಹಿರಿಯ ನಾಗರಿಕರ ಮನೆಗಳಿಗಾಗಿ ಸಾಲಪತ್ರ ಹೊರಡಿಸಲು ಸಿಯಾಟಲ್ ಜನ ಮತ ಹಾಕಿದ್ದರು. ಆಮೇಲೆ 1986, 1995, 2002, 2009, 2016ರಲ್ಲಿ ವಸತಿ ತೆರಿಗೆಗೆ ಮತ್ತೆ ಮತ್ತೆ ಒಪ್ಪಿಗೆ ಕೊಟ್ಟರು. ಈ ನಡುವೆ ಊರಿನ ಸ್ವರೂಪವೇ ಬದಲಾಯಿತು. ಅಮೆಜಾನ್ ಊರೊಳಗೇ ಬೆಳೆಯಿತು, ಪಕ್ಕದ ರೆಡ್ಮಂಡ್‌ನಲ್ಲಿ ಮೈಕ್ರೋಸಾಫ್ಟ್ ಬೆಳೆಯಿತು. ದೊಡ್ಡ ಸಂಬಳದ ಎಂಜಿನಿಯರುಗಳು ಬಂದು ನೆಲೆಸಿದರು. ಅವರಲ್ಲಿ ಕರ್ನಾಟಕದಿಂದ ಹೋದವರೂ ಇದ್ದಾರೆ. ಸಿಯಾಟಲ್‌ನಲ್ಲಿ ಮನೆ ಕೊಂಡ ಕನ್ನಡಿಗರ ತೆರಿಗೆ ರಸೀದಿಯಲ್ಲೂ ಈ ವಸತಿ ನಿಧಿಯ ಪಾಲಿದೆ. ಸಂಬಳದ ಜೊತೆ ಬಾಡಿಗೆಯೂ ಏರಿತು. ಅಡುಗೆಯವರು, ಬಸ್ ಚಾಲಕರು, ದಾದಿಯರ ಸಹಾಯಕರು ಊರಿನ ಅಂಚಿಗೆ, ಅಲ್ಲಿಂದಾಚೆಗೆ ಸರಿಯಬೇಕಾಯಿತು.

ತೆರಿಗೆಯಿಂದ ಬಂದ ಹಣ ಕಟ್ಟಡವಾಗುವುದು ಹೇಗೆ? ನಗರವೇ ಗಾರೆ, ಇಟ್ಟಿಗೆ ತಂದು ಮನೆ ಕಟ್ಟುತ್ತದೆ ಎಂದು ಹಲವರು ಭಾವಿಸುತ್ತಾರೆ. ಸಾಮಾನ್ಯವಾಗಿ ಹಾಗಲ್ಲ. ಕಟ್ಟುವುದು ಹೆಚ್ಚಾಗಿ ಲಾಭದ ಉದ್ದೇಶವಿಲ್ಲದ ವಸತಿ ಸಂಸ್ಥೆಗಳು. ಲೆಕ್ಕದಲ್ಲಿ ಬೀಳುವ ಖೋತಾ ತುಂಬುವುದು ನಗರದ ಕೆಲಸ.

ಆ ಲೆಕ್ಕವನ್ನು ಒಂದು ಉದಾಹರಣೆಯಲ್ಲಿ ನೋಡಬಹುದು. ಆದಾಯದಲ್ಲಿ ನೂರಕ್ಕೆ 30ರಷ್ಟನ್ನು ಮಾತ್ರ ಬಾಡಿಗೆಗೆ ಕೊಡಬೇಕು ಎಂಬುದು ಅಲ್ಲಿನ ಅಳತೆಗೋಲು. ತಿಂಗಳಿಗೆ 3,000 ಡಾಲರ್ ದುಡಿಯುವವರು ಕೊಡಬಹುದಾದ್ದು 900. ಅದರಲ್ಲೇ ನೀರು, ರಿಪೇರಿ, ವಿಮೆ, ನಿರ್ವಹಣೆಯ ಖರ್ಚು ಕಳೆಯಬೇಕು. ಉಳಿದ ಅಲ್ಪ ಹಣದಲ್ಲಿ ಕಂತು ಕಟ್ಟುವಷ್ಟು ಸಾಲವನ್ನು ಮಾತ್ರ ಬ್ಯಾಂಕು ಕೊಡುತ್ತದೆ. ಸಿಯಾಟಲ್‌ನಲ್ಲಿ ಒಂದು ಫ್ಲಾಟ್ ಕಟ್ಟಲು ಮೂರು ಲಕ್ಷ ಡಾಲರಿಗೂ ಹೆಚ್ಚು ಬೇಕು. ಬ್ಯಾಂಕ್ ಸಾಲ ಅದರ ಹತ್ತಿರಕ್ಕೂ ಬರುವುದಿಲ್ಲ.

ಒಂದು ದೊಡ್ಡ ಪಾಲು ಕೇಂದ್ರ ಸರ್ಕಾರದ ತೆರಿಗೆ ರಿಯಾಯಿತಿಯಿಂದ ಬರುತ್ತದೆ. 1986ರ ಕಾನೂನಿನಡಿ, ಇಂಥ ಯೋಜನೆಗೆ ಬಂಡವಾಳ ಹಾಕಿದ ಬ್ಯಾಂಕು, ಕಂಪನಿಗಳಿಗೆ ಹತ್ತು ವರ್ಷ ತೆರಿಗೆಯಲ್ಲಿ ಕಡಿತ ಸಿಗುತ್ತದೆ. ರಾಜ್ಯದ ವಸತಿ ನಿಧಿಯೂ ಸ್ವಲ್ಪ ಕೊಡುತ್ತದೆ. ಆಮೇಲೂ ಉಳಿಯುವ ಕೊರತೆಗೆ ನಗರ ತೀರಾ ಕಡಿಮೆ ಬಡ್ಡಿಯ, ತೀರಿಸುವುದನ್ನು ದಶಕಗಟ್ಟಲೆ ಮುಂದೂಡಬಹುದಾದ ಸಾಲ ಕೊಡುತ್ತದೆ. ನಗರ ಮೊದಲೇ ಇಷ್ಟು ಕೊಡುತ್ತೇನೆ ಎಂದು ಬರೆದುಕೊಟ್ಟರೆ ಉಳಿದವರಿಗೂ ಧೈರ್ಯ ಬರುತ್ತದೆ.

ಇದಕ್ಕೆ ಪ್ರತಿಯಾಗಿ ನಗರ ಹಾಕುವ ಷರತ್ತಿನಲ್ಲೇ ಇಡೀ ಯೋಜನೆಯ ಜೀವಾಳವಿದೆ. ಕನಿಷ್ಠ 50 ವರ್ಷ ಆ ಮನೆಗಳು ಕಡಿಮೆ ಆದಾಯದವರಿಗೇ ಮೀಸಲಾಗಿರಬೇಕು, ಬಾಡಿಗೆ ಗೊತ್ತಾದ ಮಿತಿ ದಾಟಬಾರದು. ಸುತ್ತಲಿನ ಬೆಲೆ ಎಷ್ಟೇ ಏರಲಿ, ಆ ಕಟ್ಟಡ ಮಾರುಕಟ್ಟೆಯ ಕೈಗೆ ಹೋಗುವುದಿಲ್ಲ. ಒಂದು ಸಲ ಹಾಕಿದ ಸಾರ್ವಜನಿಕ ಹಣ ಎರಡು ತಲೆಮಾರಿಗೆ ಸೂರು ಕೊಡುತ್ತದೆ.

ಸೆಂಟ್ರಲ್ ಡಿಸ್ಟ್ರಿಕ್ಟ್ ಬಡಾವಣೆಯಲ್ಲಿ ಈ ಷರತ್ತಿನ ಬೆಲೆ ಕಣ್ಣಿಗೆ ಕಾಣುತ್ತದೆ. 1970ರ ಸುಮಾರಿಗೆ ಅಲ್ಲಿನ ಜನಸಂಖ್ಯೆಯಲ್ಲಿ ನೂರಕ್ಕೆ 70ರಷ್ಟು ಕಪ್ಪು ಜನರಿದ್ದರು. ಬಾಡಿಗೆ ಏರುತ್ತಾ ಹೋದಂತೆ ಆ ಪ್ರಮಾಣ 20ಕ್ಕಿಂತ ಕೆಳಗೆ ಇಳಿಯಿತು. ಹಿಂದೆ ಬೇರೆ ಬ್ಯಾಂಕುಗಳು ಅವರಿಗೆ ಸಾಲ ನಿರಾಕರಿಸುತ್ತಿದ್ದ ಕಾಲದಲ್ಲಿ, 1968ರಲ್ಲಿ, ಅಲ್ಲೇ ಲಿಬರ್ಟಿ ಬ್ಯಾಂಕ್ ಹುಟ್ಟಿತ್ತು. ಆ ಬ್ಯಾಂಕು ಇದ್ದ ಜಾಗದಲ್ಲಿ 2019ರಲ್ಲಿ ಅದರದೇ ಹೆಸರಿನ ಕಟ್ಟಡ ಎದ್ದಿತು. ಒಟ್ಟು 115 ಮನೆಗಳು, ನಗರದ ವಸತಿ ಇಲಾಖೆಯ ಹಣವೂ ಸೇರಿದ ಯೋಜನೆ. ಊರು ಬಿಡಬೇಕಾಗಿ ಬಂದವರಿಗೆ ಮನೆ ಖಾಲಿಯಿರುವ ಸುದ್ದಿ ತಲುಪಿಸಲು ಸಂಸ್ಥೆಗಳು ವಿಶೇಷ ಪ್ರಯತ್ನ ಮಾಡಿದವು. ನೆಲಮಹಡಿಯಲ್ಲಿ ಬಡಾವಣೆಯ ಹಳೆಯ ಕ್ಷೌರದಂಗಡಿಗೆ ಜಾಗ ಸಿಕ್ಕಿತು. ಮುಂದಿನ ವರ್ಷ ಅಲ್ಲೇ ಸ್ಥಳೀಯ ಬಾಣಸಿಗ ಮಹಿಳೆಯ ಹೋಟೆಲೂ ತೆರೆಯಿತು.

ಹಣದಷ್ಟೇ ಮುಖ್ಯವಾದುದು ಜಾಗ. ರೈಲು ಮಾರ್ಗ ಹಾಕಿದ ಮೇಲೆ ನಿಲ್ದಾಣಗಳ ಬಳಿ ಉಳಿಯುವ ನಿವೇಶನಗಳಲ್ಲಿ ವಸತಿಗೆ ಯೋಗ್ಯವಾದವನ್ನು ಬಹುಪಾಲು ಕೈಗೆಟುಕುವ ಮನೆಗಳಿಗೇ ಮೊದಲು ಕೊಡಬೇಕೆಂಬ ರಾಜ್ಯ ಕಾನೂನು ಇದೆ. ರೂಸ್‌ವೆಲ್ಟ್ ನಿಲ್ದಾಣದ ಪಕ್ಕ ಅಂಥದೇ ಜಾಗದಲ್ಲಿ 254 ಮನೆಗಳ ಸೀಡರ್ ಕ್ರಾಸಿಂಗ್ 2022ರಲ್ಲಿ ತೆರೆಯಿತು. ಕಾರಿಲ್ಲದ ಕುಟುಂಬಕ್ಕೆ ಮೆಟ್ಟಿಲಿಳಿದರೆ ರೈಲು ಸಿಗುತ್ತದೆ. ತಿಂಗಳ ಖರ್ಚಿನಲ್ಲಿ ಇದು ಸಣ್ಣ ಉಳಿತಾಯವಲ್ಲ.

ಖಾಸಗಿ ಬಿಲ್ಡರುಗಳಿಗೂ ಹೊಣೆಯಿದೆ. 2019ರಿಂದ ನಗರದ ಹಲವು ಭಾಗಗಳಲ್ಲಿ ಎತ್ತರದ ಕಟ್ಟಡಕ್ಕೆ ಅವಕಾಶ ಹೆಚ್ಚಿಸಲಾಯಿತು. ಅಂಥಲ್ಲಿ ಕಟ್ಟುವವರು ಕೆಲವು ಮನೆಗಳನ್ನು ಕಡಿಮೆ ಬಾಡಿಗೆಗೆ ಕೊಡಬೇಕು, ಇಲ್ಲವೇ ನಿಧಿಗೆ ಶುಲ್ಕ ಕಟ್ಟಬೇಕು. ದೊಡ್ಡ ಸಂಬಳ ಕೊಡುವ ಕಂಪನಿಗಳ ಮೇಲೆ 2020ರಲ್ಲಿ ಒಪ್ಪಿದ ತೆರಿಗೆಯ ಮುಖ್ಯ ಉದ್ದೇಶವೂ ವಸತಿಯೇ. ಆದರೆ ಬಜೆಟ್ ಬಿಗಿಯಾದಾಗ ಆ ಹಣ ಬೇರೆ ಖರ್ಚುಗಳಿಗೂ ಹರಿಯಿತು. ಮನೆಗೆಂದು ಎತ್ತಿದ ತೆರಿಗೆ ಮನೆಗೇ ಹೋಗುವಂತೆ ಜನ ಕಾವಲಿರಬೇಕು.

ಕಟ್ಟಿಸಿದರಷ್ಟೇ ಸಾಲದು, ನಡೆಸಲೂ ಹಣ ಬೇಕು. ಬೀದಿಯಿಂದ ಬಂದವರು, ಮಾನಸಿಕ ಕಾಯಿಲೆಯಿರುವವರು ವಾಸಿಸುವ ಕಟ್ಟಡಗಳಲ್ಲಿ ಹಗಲಿರುಳು ಸಿಬ್ಬಂದಿ ಇರಬೇಕು. ಅವರಿಗೆ ಸಂಬಳ ಕಡಿಮೆಯಾದರೆ ಕೆಲಸ ಬಿಟ್ಟು ಹೋಗುತ್ತಾರೆ, ಕಟ್ಟಡ ಸೊರಗುತ್ತದೆ. 2023ರ ತೆರಿಗೆ ಯೋಜನೆಯಲ್ಲಿ ಈ ಖರ್ಚಿಗೂ ದೊಡ್ಡ ಪಾಲು ತೆಗೆದಿಟ್ಟದ್ದು ಅನುಭವ ಕಲಿಸಿದ ವಿವೇಕ.

ಇಷ್ಟೆಲ್ಲ ಮಾಡಿಯೂ ಬೇಡಿಕೆ ಮುಂದೆಯೇ ಓಡುತ್ತಿದೆ. 2025ರ ಫೆಬ್ರವರಿಯಲ್ಲಿ ಮತದಾರರು ಇನ್ನೊಂದು ದಾರಿಗೂ ಒಪ್ಪಿಗೆ ಕೊಟ್ಟರು. ನೌಕರರೊಬ್ಬರಿಗೆ ವರ್ಷಕ್ಕೆ ಹತ್ತು ಲಕ್ಷ ಡಾಲರಿಗಿಂತ ಹೆಚ್ಚು ಕೊಡುವ ಕಂಪನಿ, ಆ ಹೆಚ್ಚುವರಿ ಮೊತ್ತದ ಮೇಲೆ ನೂರಕ್ಕೆ 5ರಷ್ಟು ತೆರಿಗೆ ಕಟ್ಟಬೇಕು. ಅದು ಹೊಸದಾಗಿ ಸ್ಥಾಪನೆಯಾದ ಸಾರ್ವಜನಿಕ ವಸತಿ ಸಂಸ್ಥೆಗೆ ಸೇರುತ್ತದೆ. ಈ ಸಂಸ್ಥೆಯ ಕಟ್ಟಡಗಳಲ್ಲಿ ಕಡುಬಡವರ ಜೊತೆಗೆ ಶಾಲಾ ಶಿಕ್ಷಕರಂಥ ಮಧ್ಯಮ ವರ್ಗದವರೂ ಬಾಡಿಗೆಗಿರಬಹುದು. ಹೆಚ್ಚು ಆದಾಯದವರ ಬಾಡಿಗೆಯಿಂದಲೇ ಕಡಿಮೆ ಆದಾಯದವರ ಮನೆಯ ಖರ್ಚು ಭಾಗಶಃ ಸರಿದೂಗಬೇಕು ಎಂಬುದು ಅದರ ಲೆಕ್ಕಾಚಾರ.