ಅವಧಾನದ ನ್ಯೂನತೆಯೂ ಅದರ ಔಷಧೋಪಚಾರವೂ

ಅವಧಾನವೆಂದರೆ ಮನಸ್ಸನ್ನು ಒಂದು ವಿಷಯದಲ್ಲಿ ನೆಲೆಗೊಳಿಸುವುದು. ಮನಸ್ಸಿನ ಚಾಂಚಲ್ಯವನ್ನು ಗೀತೆಯ ಆರನೆಯ ಅಧ್ಯಾಯದಲ್ಲಿ ಅರ್ಜುನನೇ ತೋಡಿಕೊಂಡಿರುವನು, ಅದು ಸರ್ವಸಾಧಾರಣವಾದುದು. ಎ.ಡಿ.ಎಚ್.ಡಿ. ಎಂಬ ವಿಕಾರವಾದರೋ ಇದರಿಂದ ಭಿನ್ನವು. ಹನ್ನೆರಡು ವರ್ಷಕ್ಕೆ ಮೊದಲೇ ತೋರಿ, ಮನೆ ಶಾಲೆಗಳಂತಹ ಎರಡು ಎಡೆಗಳಲ್ಲಿಯಾದರೂ ಕಾಣಿಸಿಕೊಂಡು, ಆರು ತಿಂಗಳಿಗೆ ಕಡಮೆಯಿಲ್ಲದೆ ನಿಂತು, ಓದಿಗೂ ನಡೆವಳಿಕೆಗೂ ಬಾಧಕವಾದಲ್ಲಿ ಮಾತ್ರ ವೈದ್ಯರು ಈ ಹೆಸರನ್ನು ಕೊಡುವರು. ಮಂಗಳೂರಿನ ದೇರೆಬೈಲಿನಲ್ಲಾಗಲಿ ಬೇರೆಲ್ಲಿಯೇ ಆಗಲಿ, ಪಾಠದ ನಡುವೆ ಎದ್ದೋಡುವ ಇಂತಹ ಬಾಲಕನಿಗೆ ತುಂಟನೆಂದು ಬೆತ್ತವೆತ್ತುವುದು ಈ ಭೇದವನ್ನರಿಯದುದರ ಫಲ.

1902ರಲ್ಲಿ ಲಂಡನ್ನಿನ ವೈದ್ಯ ಜಾರ್ಜ್ ಸ್ಟಿಲ್ ಇಂತಹ ಮಕ್ಕಳನ್ನು ವರ್ಣಿಸಿದನು. 1937ರಲ್ಲಿ ಅಮೆರಿಕದ ಚಾರ್ಲ್ಸ್ ಬ್ರಾಡ್ಲಿಯು ಬೆಂಜಡ್ರೀನ್ ಎಂಬ ಉತ್ತೇಜಕದಿಂದಲೇ ಚಂಚಲರಾದ ಮಕ್ಕಳು ಶಾಂತರಾದುದನ್ನು ಕಂಡನು. ಇದು ವಿರೋಧವಲ್ಲ, ವಿರೋಧಾಭಾಸ: ಇಂದು ಬಳಕೆಯಲ್ಲಿರುವ ಮೀಥೈಲ್‌ಫೆನಿಡೇಟ್ ಮೆದುಳಿನಲ್ಲಿ ಡೋಪಮೈನ್, ನಾರ್‌ಅಡ್ರಿನಲಿನ್ ದ್ರವ್ಯಗಳ ಕಾರ್ಯವನ್ನು ಹೆಚ್ಚಿಸಿ ನಿಗ್ರಹಶಕ್ತಿಯನ್ನೇ ಎಚ್ಚರಗೊಳಿಸುವುದು. ಹಸಿವು ನಿದ್ರೆಗಳು ಕುಂದಬಹುದಾದುದರಿಂದ ತೂಕ, ಎತ್ತರ, ನಾಡಿ, ರಕ್ತದೊತ್ತಡಗಳನ್ನು ವೈದ್ಯರು ಆಗಾಗ ಪರೀಕ್ಷಿಸತಕ್ಕುದು.

ಔಷಧವು ವಿದ್ಯೆಯನ್ನು ಕೊಡಲಾರದು. ಕಲಿಯುವಷ್ಟು ಹೊತ್ತು ಮನಸ್ಸನ್ನು ನಿಲ್ಲಿಸಬಲ್ಲುದು. ಆ ಹೊತ್ತನ್ನು ಸಾರ್ಥಕಗೊಳಿಸುವ ಭಾರವು ಉಪಾಧ್ಯಾಯರದು.